ತೊಟ್ಟಿಯ ತಳದ ಗಸಿ

"ಇಳಿ."

ಕಂಡಕ್ಟರು ಅಷ್ಟೇ ಹೇಳಿದ. ಮುದುಕಿಯ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲಿತ್ತು. ಬ್ಯಾಂಡೇಜು ಸುತ್ತಿದ ಇನ್ನೊಂದು ಕಾಲು ಸೊಸೆಯ ಕೈಯಲ್ಲಿತ್ತು. ಸೊಸೆ ಬಗ್ಗಿ, ಆ ಕಾಲನ್ನು ಮೆಲ್ಲಗೆ ಎತ್ತಿ ಮೇಲಿಡುವುದರಲ್ಲಿದ್ದಳು.

"ಪಾಸಿದೆ ಅಣ್ಣಾ." ಕೈಗೆ ಬಿಡುವಿರಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ಪಾಸನ್ನು ಗದ್ದದಿಂದಲೇ ತೋರಿಸಿದಳು.

"ಪಾಸಿದ್ರೆ ಏನೀಗ? ಒಳಗೆ ಮೂಗಿರೋ ಜನ ಕೂತಿದಾರೆ. ಇಳಿ ಇಳಿ, ಲೇಟಾಯ್ತು."

ಮೂಗಿರುವ ಜನ ಆಗಲೇ ಮೂಗು ಮುಚ್ಚಿಕೊಂಡಿದ್ದರು. ಒಬ್ಬ ಕರವಸ್ತ್ರದಿಂದ, ಒಬ್ಬಳು ತೋಳಿನಿಂದ, ಒಬ್ಬ ಪುಣ್ಯಾತ್ಮ ತಿನ್ನುತ್ತಿದ್ದ ಬಿಸ್ಕತ್ತಿನ ಪೊಟ್ಟಣದಿಂದಲೇ. ಮುದುಕಿ ಯಾರ ಮುಖವನ್ನೂ ನೋಡದೆ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಬಾಗಿಲು ಮುಚ್ಚಿತು. ಬಸ್ಸಿನ ಮೈಮೇಲೆ ಆಳೆತ್ತರದ ಹಸಿರು ಎಲೆಯ ಚಿತ್ರವಿತ್ತು. ಅದರ ಕೆಳಗೆ 'ಶುದ್ಧ ಇಂಧನ, ಶುದ್ಧ ಊರು' ಎಂದು ಬರೆದಿತ್ತು. ಬಸ್ಸು ಹೊರಟಾಗ ಹಿಂದಿನ ಕೊಳವೆ ಇಬ್ಬರ ಮುಖದ ಮೇಲೂ ಹೊಗೆ ಉಗುಳಿತು.

ಆ ಹೊಗೆಗೆ ಕರಿದ ತಿಂಡಿಯ ವಾಸನೆ. ಸ್ಟಾಪಿನಲ್ಲಿ ನಿಂತಿದ್ದ ಒಬ್ಬ ಅದನ್ನು ಎಳೆದುಕೊಂಡು, "ಈ ಬಸ್ಸು ಹೋದ್ರೆ ಸಾಕು, ಹೊಟ್ಟೆ ಹಸಿಯುತ್ತೆ ನೋಡಿ," ಎಂದು ಪಕ್ಕದವನಿಗೆ ಹೇಳಿ ನಕ್ಕ. ಬಳಿಕ ಮುದುಕಿಯನ್ನೂ ಸೊಸೆಯನ್ನೂ ಕಂಡು ಎರಡು ಹೆಜ್ಜೆ ಆಚೆ ಸರಿದು ನಿಂತ.

ಊರೆಲ್ಲ ಆ ಸೊಸೆಯನ್ನು ಜಿಡ್ಡಿ ಎನ್ನುತ್ತಿತ್ತು. ನಾವೂ ಹಾಗೇ ಕರೆಯೋಣ, ನಾಚಿಕೆ ಆಗಬೇಕಾದದ್ದು ಊರಿಗೆ. ಊರಿನ ಹೋಟೆಲುಗಳು, ಕ್ಯಾಂಟೀನುಗಳು, ಮದುವೆ ಮನೆಗಳು ಕರಿದು ಕರಿದು ಕಪ್ಪಾಗಿಸಿ ಬಿಸಾಡುವ ಎಣ್ಣೆ ಡ್ರಮ್ಮು ಡ್ರಮ್ಮಾಗಿ ಅವಳ ಶೆಡ್ಡಿಗೆ ಬರುತ್ತದೆ. ಅಲ್ಲಿ ಅದನ್ನು ಜಾಲರಿಯಲ್ಲಿ ಸುರಿದು, ಬಟ್ಟೆಯಲ್ಲಿ ಸೋಸಿ, ಕೊಪ್ಪರಿಗೆಯಲ್ಲಿ ಕಾಯಿಸಿ ನೀರು ತೆಗೆದು, ದೊಡ್ಡ ತೊಟ್ಟಿಯಲ್ಲಿ ತಿಳಿಯಾಗಲು ಬಿಡುತ್ತಾರೆ. ಮೇಲಿನ ತಿಳಿ ಗೋಡೆಯಾಚೆಯ ಯಂತ್ರಕ್ಕೆ ಹೋಗುತ್ತದೆ. ಅಲ್ಲಿ ಬಿಳಿ ಕೋಟಿನವರು ಅದಕ್ಕೆ ಮದ್ದು ಬೆರೆಸಿ, ಡೀಸೆಲ್ಲಿನ ಬದಲು ಬಸ್ಸಿಗೆ ಕುಡಿಸುತ್ತಾರೆ. ಕೆಳಗಿನ ಗಸಿ ಹೆಂಗಸರಿಗೆ. ತೊಟ್ಟಿಯ ಬಾಯಿ ಕಿರಿದು. ಒಣಕಲು ಮೈಯವರೇ ಇಳಿಯಬೇಕು. ಶೆಡ್ಡಿನಲ್ಲಿ ಒಣಕಲು ಮೈಗೇನೂ ಬರವಿರಲಿಲ್ಲ.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು. ತಗಡಿನ ತುಂಡಿನಿಂದ ಕೆರೆಯುವುದು. ಬಕೆಟ್ಟಿಗೆ ತುಂಬುವುದು. ಹಗ್ಗ ಜಗ್ಗುವುದು. ಗಸಿ ಮೊಣಕಾಲು ಮಟ್ಟ ಬರುತ್ತದೆ, ಕಪ್ಪಗೆ, ಬೆಚ್ಚಗೆ, ಅಂಟಂಟಾಗಿ. ಅದರಲ್ಲಿ ಏನಿಲ್ಲ? ಸೀದ ಚೂರು, ಮೂಳೆ, ಸಿಗರೇಟಿನ ತುಂಡು, ಯಾರದೋ ತಲೆಗೂದಲು, ಉಬ್ಬಿದ ಜಿರಲೆ, ಬೆರಳಿನಿಂದ ಕಳಚಿ ಬಿದ್ದ ಪ್ಲಾಸ್ಟರು. ಒಮ್ಮೆ ಇಡೀ ಇಲಿ, ಗರಿಗರಿಯಾಗಿ ಕರಿದದ್ದು. ಒಮ್ಮೆ ಒಂದು ಕಟ್ಟಿಸಿದ ಹಲ್ಲು. ಜಾಲರಿ ಹರಿದಿದೆ, ಬದಲಾಯಿಸಿ ಎಂದು ಹೆಂಗಸರು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದರು. ಕೈಗೆ ಗವಸಿಲ್ಲ, ಕಾಲಿಗೆ ಬೂಟಿಲ್ಲ. ಮೊದಮೊದಲು ವಾಂತಿ ಬರುತ್ತದೆ. ಆಮೇಲೆ ಮೈಮೇಲೆ ಗುಳ್ಳೆ ಏಳುತ್ತವೆ. ಆಮೇಲೆ ಅಭ್ಯಾಸವಾಗುತ್ತದೆ. ಆ ಅಭ್ಯಾಸವೇ ಎಲ್ಲಕ್ಕಿಂತ ಹೇಸಿಗೆಯದು.

ಜಿಡ್ಡಿಯ ಗಂಡ ಈ ನಾತ ತಡೆಯಲಾರೆ ಎಂದು ಹಾಸಿಗೆ ಬಿಟ್ಟು, ಮನೆ ಬಿಟ್ಟು, ಕೊನೆಗೆ ಊರನ್ನೇ ಬಿಟ್ಟ. ಇನ್ನೊಬ್ಬಳ ಜೊತೆ ಇದ್ದಾನಂತೆ. ಅವಳು ಹೂ ಮಾರುತ್ತಾಳಂತೆ. "ಅವನ ಮೂಗೊಂದು ಚೆನ್ನಾಗಿರಲಿ ಬಿಡು," ಎಂದು ಅತ್ತೆ ಸೊಸೆಯ ಜೊತೆಗೇ ಉಳಿದಳು. ಶೆಡ್ಡಿನ ಹಿಂದಿನ ಸಾಲುಮನೆಯಲ್ಲಿ ಒಂದೇ ಕೋಣೆ. ಒಂದೇ ಶೆಡ್ಡಿನ ಕೆಲಸ. ಸೊಸೆ ತೊಟ್ಟಿಗೆ, ಅತ್ತೆ ಕೊಪ್ಪರಿಗೆಗೆ.

ಕೊಪ್ಪರಿಗೆಯೇ ಮುದುಕಿಯ ಕಾಲು ತಿಂದದ್ದು. ಯಾವುದೋ ಹೋಟೆಲಿನವನು ಡ್ರಮ್ಮಿನ ತಳದಲ್ಲಿ ನೀರು ತುಂಬಿ ಮೇಲೆ ಎಣ್ಣೆ ಸುರಿದು ಕಳಿಸಿದ್ದ. ಅದನ್ನು ಕಾದ ಕೊಪ್ಪರಿಗೆಗೆ ಬಗ್ಗಿಸಿದ ಕೂಡಲೇ ಎಣ್ಣೆ ಭುಸ್ಸೆಂದು ಉಕ್ಕಿ ಅಂಚು ದಾಟಿತು. ಮುದುಕಿ ಹಾರಲು ನೋಡಿದಳು. ನೆಲವೆಲ್ಲ ಜಿಡ್ಡು. ಎಲ್ಲಿಗೆ ಹಾರುವುದು? ಕುದಿಯುವ ಎಣ್ಣೆ ಪಾದದ ಮೇಲೆ ಕೂತು ಬೆರಳುಗಳ ಸಂದಿಗೆ ಇಳಿಯಿತು. ಸೊಸೆ ಓಡಿ ಬಂದು ಕಾಲನ್ನು ಹಿಡಿದಾಗ ಚರ್ಮ ಕಾಲುಚೀಲದ ಹಾಗೆ ಅವಳ ಕೈಗೇ ಬಂತು.

"ಚಪ್ಪಲಿ ಹಾಕ್ಕೊಳ್ಳಬೇಕು ತಾನೇ," ಎಂದರು ಮೇನೇಜರು. ಆ ನೆಲದ ಮೇಲೆ ಚಪ್ಪಲಿ ಹಾಕಿದವರು ಬಿದ್ದು ಸೊಂಟ ಮುರಿದುಕೊಳ್ಳುತ್ತಾರೆ ಎನ್ನುವುದು ಅವರಿಗೆ ಗೊತ್ತಿರಲಿಲ್ಲ. ಅವರು ಆ ನೆಲದ ಮೇಲೆ ಕಾಲಿಟ್ಟಿದ್ದರೆ ತಾನೇ?

ಆಸ್ಪತ್ರೆ ಊರಿನ ಇನ್ನೊಂದು ತುದಿಯಲ್ಲಿ. ದಿನ ಬಿಟ್ಟು ದಿನ ಕಟ್ಟು ಬಿಚ್ಚಿ, ತೊಳೆದು, ಮತ್ತೆ ಕಟ್ಟಿಸಬೇಕು. ಆಟೋದವರು ಸೀಟು ಜಿಡ್ಡಾಗುತ್ತದೆ ಎಂದು ನಿಲ್ಲಿಸುವುದಿಲ್ಲ. ಕಂಪನಿಯ ಬಸ್ಸು ಮಾತ್ರ ಶೆಡ್ಡಿನ ಗೇಟಿನಿಂದ ಹೊರಟು ಆಸ್ಪತ್ರೆಯ ಬಾಗಿಲಿಗೇ ಹೋಗುತ್ತದೆ. ಕೆಲಸಗಾರರಿಗೆಲ್ಲ ಪಾಸು ಕೊಟ್ಟಿದ್ದಾರೆ. ಆಫೀಸಿನ ಗುಮಾಸ್ತರ ಕೊರಳಲ್ಲೂ ಅದೇ ಪಾಸು. ಅವರನ್ನು ಯಾರೂ ಇಳಿಸಿದ್ದಿಲ್ಲ.

ಅಂದು ಬಸ್ಸು ಬಿಟ್ಟುಹೋದ ಮೇಲೆ ಜಿಡ್ಡಿ ಡ್ರಮ್ಮು ಸಾಗಿಸುವ ಕೈಗಾಡಿ ತಂದಳು. ಅತ್ತೆಯನ್ನು ಅದರಲ್ಲಿ ಕೂರಿಸಿ ಊರುದ್ದ ತಳ್ಳಿಕೊಂಡು ಹೋದಳು. ದಾರಿಯಲ್ಲಿ ಅತ್ತೆ, "ಏನೇ, ನನ್ನನ್ನೂ ಸೋಸೋಕೆ ತಗೊಂಡು ಹೋಗ್ತಿದೀಯೇನೇ?" ಎಂದು ನಗಿಸಲು ನೋಡಿದಳು. ಸೊಸೆಗೆ ನಗು ಬರಲಿಲ್ಲ.

ಮರುದಿನ ಅವಳು ಮೇನೇಜರ ಕೋಣೆಯ ಬಾಗಿಲಲ್ಲಿ ನಿಂತಳು. ಶೆಡ್ಡಿನ ಹೆಂಗಸರು ಬಂದರೆ ನಿಲ್ಲಲೆಂದು ಅಲ್ಲಿ ಹಳೇ ಪೇಪರು ಹಾಸಿರುತ್ತಿತ್ತು. ಅದರ ಅಂಚು ದಾಟುವಂತಿರಲಿಲ್ಲ.

"ನೋಡಮ್ಮಾ," ಎಂದರು ಮೇನೇಜರು, ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ತಳ್ಳಿ. "ರೂಲ್ಸ್ ಪ್ರಕಾರ ನೀನು ಹತ್ತಬಹುದು. ಬೇಡ ಅಂದೋರು ಯಾರು? ಆದ್ರೆ ಜನ ಕಂಪ್ಲೇಂಟ್ ಮಾಡ್ತಾರೆ. ದುಡ್ಡು ಕೊಟ್ಟು ಬರೋ ಜನ. ನೀವೂ ಸ್ವಲ್ಪ ಶುಚಿಯಾಗಿರೋದು ಕಲೀಬೇಕು."

"ತೊಳ್ಕೊಂಡೇ ಬರ್ತೀವಿ ಸಾರ್. ಹೋಗಲ್ಲ ಅದು."

"ಸರಿಯಾಗಿ ತೊಳೆದ್ರೆ ಹೋಗುತ್ತೆ."

ಡ್ರಾಯರು ಎಳೆದು, ಯಾವುದೋ ಲಾಡ್ಜಿನಿಂದ ತಂದ ಪುಟ್ಟ ಸೋಪು ತೆಗೆದರು. ಪೆನ್ನಿನ ತುದಿಯಿಂದ ಅದನ್ನು ಮೇಜಿನ ಅಂಚಿಗೆ ತಳ್ಳಿದರು. ಜಿಡ್ಡಿ ಪೇಪರಿನ ಮೇಲೆಯೇ ನಿಂತು, ಮೈ ಚಾಚಿ ತೆಗೆದುಕೊಂಡಳು. ಅವಳು ಬೆನ್ನು ತಿರುಗಿಸುವ ಮೊದಲೇ ಹಿಂದೆ ಸುಗಂಧದ ಡಬ್ಬಿ ಪುಸ್ ಪುಸ್ ಎಂದಿತು.

ಅಂದು ಸಂಜೆ ಅವಳು ಉಜ್ಜಿದಳು. ಮೊದಲು ಸೋಪು. ಆಮೇಲೆ ಬೂದಿ. ಆಮೇಲೆ ನಿಂಬೆ ಸಿಪ್ಪೆ. ಆಮೇಲೆ ಪಾತ್ರೆ ತಿಕ್ಕುವ ನಾರು. ಮೊಣಕೈಯ ಗುಳ್ಳೆಗಳು ಒಡೆದು ರಕ್ತ ಬಂತು. ಉಗುರಿನ ಸಂದಿಯನ್ನು ಕಡ್ಡಿಯಿಂದ ಕೆದಕಿದಳು. ಅತ್ತೆಯ ಬೆನ್ನನ್ನೂ ತಿಕ್ಕಿದಳು. "ಸಾಕು ಬಿಡೇ, ಇನ್ನು ತಿಕ್ಕಿದ್ರೆ ಮೂಳೆ ಕಾಣುತ್ತೆ," ಎಂದು ಮುದುಕಿ ನರಳಿದಳು. ತೊಳೆದ ಬಟ್ಟೆ ಹಾಕಿಕೊಂಡು ಇಬ್ಬರೂ ಒಬ್ಬರನ್ನೊಬ್ಬರು ಮೂಸಿ ನೋಡಿದರು. ತಮಗೇನೂ ವಾಸನೆ ಬರುತ್ತಿಲ್ಲ ಎಂದುಕೊಂಡರು. ಆ ಮೂಗುಗಳು ಎಂದೋ ಸತ್ತಿದ್ದವು.

ಬೆಳಿಗ್ಗೆ ಕಂಡಕ್ಟರು ಮೂಗೆಳೆದು ನೋಡಿ, ಹಣೆ ಗಂಟಿಕ್ಕಿ, "ಕೊನೇ ಸೀಟಿಗೆ ಹೋಗಿ," ಎಂದ. ಅಷ್ಟಕ್ಕೇ ಜಿಡ್ಡಿಗೆ ಜೀವ ಬಂದಂತಾಯಿತು. ಅತ್ತೆಯನ್ನು ಕಿಟಕಿಯ ಬದಿಗೆ ಕೂರಿಸಿ, ಸುಟ್ಟ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಬಸ್ಸು ಹೊರಟಿತು. ಮುಂದಿನ ಸೀಟಿನಲ್ಲಿ ಒಬ್ಬಾಕೆ ಮಗುವಿನ ಜೊತೆ ಕೂತಿದ್ದಳು. ಮಗು ಹಿಂದಕ್ಕೆ ತಿರುಗಿ ಜಿಡ್ಡಿಯನ್ನು ನೋಡಿತು. ಮೂಗು ಅರಳಿಸಿತು. ನಕ್ಕಿತು.

"ಅಮ್ಮಾ, ಈ ಆಂಟೀದು ಬಸ್ಸಿನ ವಾಸನೆ!"

ಮಗು ಖುಷಿಯಿಂದಲೇ ಹೇಳಿತ್ತು. ತಾಯಿ ತಟ್ಟನೆ ಅದರ ಮುಖ ತಿರುಗಿಸಿ ಕೆನ್ನೆಗೊಂದು ಕೊಟ್ಟಳು. ಅಲ್ಲಿಯವರೆಗೆ ಸುಮ್ಮನಿದ್ದ ಮೂಗುಗಳೆಲ್ಲ ಒಟ್ಟಿಗೆ ಎಚ್ಚೆತ್ತವು. "ಕಂಡಕ್ಟರ್, ಏನ್ರೀ ಇದು," ಎಂದಿತು ಒಂದು ದನಿ. "ವಾಕರಿಕೆ ಬರ್ತಿದೆ," ಎಂದಿತು ಇನ್ನೊಂದು. ಕಂಡಕ್ಟರು ಸೀಟಿ ಊದಿದ. ಬಸ್ಸು ನಿಂತದ್ದು ಸ್ಟಾಪಿನಲ್ಲಲ್ಲ, ನೆರಳಿಲ್ಲದ ಹೆದ್ದಾರಿಯ ನಡುವೆ.

ಜಿಡ್ಡಿ ಅತ್ತೆಯನ್ನು ಬೆನ್ನ ಮೇಲೆ ಹೊತ್ತಳು. ಸ್ವಲ್ಪ ದೂರ ಹೊತ್ತು, ಇಳಿಸಿ, ಉಸಿರು ತೆಗೆದುಕೊಂಡು, ಮತ್ತೆ ಹೊತ್ತಳು. ಇಳಿಸಿದಾಗಲೆಲ್ಲ ಬ್ಯಾಂಡೇಜು ರಸ್ತೆಯ ಮಣ್ಣಿಗೆ ತಾಗುತ್ತಿತ್ತು. ಆಸ್ಪತ್ರೆ ಮುಟ್ಟಿದಾಗ ಅದು ಕಪ್ಪಾಗಿ ಒದ್ದೆಯಾಗಿತ್ತು. ನರ್ಸು ಅದನ್ನು ಇಕ್ಕುಳದ ತುದಿಯಲ್ಲಿ ಬಿಡಿಸಿದಳು. ಮಾಂಸ ಕೀವು ಕಟ್ಟಿ ಹಳದಿಯಾಗಿತ್ತು. ಡಾಕ್ಟರು ದೂರದಿಂದಲೇ ಬಗ್ಗಿ ನೋಡಿದರು.

"ಕೊಳೆ ಸೇರಿದೆ. ನಾಡಿದ್ದು ಬೆಳಿಗ್ಗೆ ಬರಲೇಬೇಕು. ತಪ್ಪಿಸಿದ್ರೆ ಪಾದ ತೆಗೀಬೇಕಾಗುತ್ತೆ, ಆಮೇಲೆ ನನ್ನನ್ನು ಕೇಳಬೇಡಿ."

ವಾಪಸು ಬರುವಾಗ ಅತ್ತೆ ಬೆನ್ನ ಮೇಲಿಂದಲೇ, "ಹೋದ್ರೆ ಹೋಗ್ಲಿ ಬಿಡೇ ಕಾಲು. ನಿನ್ನ ಬೆನ್ನು ಉಳೀಲಿ," ಎಂದಳು. ಜಿಡ್ಡಿ ಜಾರುತ್ತಿದ್ದ ಅತ್ತೆಯನ್ನು ಮತ್ತೆ ಮೇಲಕ್ಕೆ ಎತ್ತಿಕೊಂಡಳು. ಅವಳ ತಲೆಯಲ್ಲಿ ಮಗುವಿನ ಮಾತೇ ಸುತ್ತುತ್ತಿತ್ತು. ಬಸ್ಸಿನ ವಾಸನೆ. ಹೊಗೆಯಲ್ಲಿ ಬಂದರೆ ಊರಿಗೆ ಬಾಯಲ್ಲಿ ನೀರೂರುತ್ತದೆ. ಅವಳ ಮೈಯಿಂದ ಬಂದರೆ ವಾಕರಿಕೆ.

ಆ ನಾಡಿದ್ದೇ ಶೆಡ್ಡಿಗೆ ದೊಡ್ಡ ಅತಿಥಿ ಬರುವವರಿದ್ದರು. ಹೊಸ ಬಸ್ಸುಗಳನ್ನು ಬಿಡುವ ಸಮಾರಂಭ. ಅದರ ಹಿಂದಿನ ದಿನವೇ ಕ್ಯಾಮೆರಾದವನೊಬ್ಬ ಬಂದು ಹೆಂಗಸರ ಫೋಟೋ ತೆಗೆದ. ಫೋಟೋಕ್ಕೆಂದು ಕೆಂಪು ಗವಸು, ಉದ್ದನೆ ಬೂಟು ತೊಡಿಸಿದರು. ಹೆಂಗಸರು ಕೈ ಮಡಚಿ ಬಿಡಿಸಿ ನೋಡಿಕೊಂಡು ಹಿಗ್ಗಿದರು. ಫೋಟೋ ಆದ ಮೇಲೆ ಎಲ್ಲವನ್ನೂ ಬಿಚ್ಚಿಸಿ, ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಬೆಳಿಗ್ಗೆ ಬೇಗ ತೊಟ್ಟಿ ಕೆರೆದುಬಿಡು," ಎಂದರು ಮೇನೇಜರು ಜಿಡ್ಡಿಗೆ. "ಅತಿಥಿಗಳು ಇಣುಕಿ ನೋಡ್ತಾರೆ. ಆಮೇಲೆ ಎಲ್ರೂ ಸ್ನಾನ ಮಾಡಿ, ಕಂಪನಿ ಕೊಡೋ ಹೊಸ ಬಟ್ಟೆ ಹಾಕ್ಕೊಂಡು, ಹಗ್ಗದ ಆಚೆ ನಿಂತು ಚಪ್ಪಾಳೆ ಹೊಡೀಬೇಕು. ಹತ್ರ ಬರಬೇಡಿ."

"ಅತ್ತೆ ಕಾಲಿಗೆ ಕಟ್ಟಿಸ್ಬೇಕು ಸಾರ್. ಬೆಳಿಗ್ಗೆನೇ ಹೋಗ್ಬೇಕು. ಇಲ್ಲಾಂದ್ರೆ ಪಾದ ಕತ್ತರಿಸ್ತೀವಿ ಅಂದಿದಾರೆ."

"ಮಾರನೇ ದಿನ ಕಟ್ಟಿಸು. ಕಾಲು ಎಲ್ಲಿಗೂ ಓಡಿ ಹೋಗಲ್ಲ."

ಹಾಗೆಂದು ಅವರೇ ನಕ್ಕರು. ಗುಮಾಸ್ತರೂ ನಕ್ಕರು. ಕೈಗಾಡಿಗಳನ್ನೆಲ್ಲ ಅತಿಥಿಯ ಕಣ್ಣಿಗೆ ಬೀಳಬಾರದೆಂದು ಗೋದಾಮಿಗೆ ತಳ್ಳಿ ಬೀಗ ಜಡಿದರು.

ಬೆಳಿಗ್ಗೆ ಜಿಡ್ಡಿ ತೊಟ್ಟಿಗಿಳಿದಳು. ಮೇಲೆ ಹಗ್ಗ ಹಿಡಿದವಳು ಬಕೆಟ್ ಅಕ್ಕ, ಅವಳಿಗಿಂತ ಹಿರಿಯಳು, ಬಕೆಟ್ಟು ಎಳೆದೆಳೆದೇ ಒಂದು ಭುಜ ಕೆಳಗಿಳಿದವಳು. ಅತ್ತೆ ಶೆಡ್ಡಿನ ಹಿಂದೆ ಮಗುಚಿದ ಡ್ರಮ್ಮಿನ ಮೇಲೆ ಕೂತಿದ್ದಳು. ಕಾಲು ಊದಿ ಬ್ಯಾಂಡೇಜಿನಿಂದ ಹೊರಗೆ ಉಕ್ಕಿತ್ತು. ನೊಣ ಓಡಿಸಲು ಅವಳ ಕೈಗೊಂದು ರಟ್ಟಿನ ತುಂಡು ಕೊಟ್ಟು ಬಂದಿದ್ದಳು ಜಿಡ್ಡಿ.

ಕತ್ತಲಲ್ಲಿ ತಗಡು ಕರಕರ ಎನ್ನುತ್ತಿತ್ತು. ಗಸಿ ತೊಡೆಗೆ, ಹೊಟ್ಟೆಗೆ, ಕುತ್ತಿಗೆಗೆ ಹತ್ತಿತು. ಬಗ್ಗಿದಾಗ ತುಟಿಗೂ ತಾಗಿತು. ಅವಳು ಉಗಿದಳು. ಕೈಗೆ ಏನೋ ಸಿಕ್ಕಿತು. ಅರ್ಧ ತಿಂದು ಬಿಟ್ಟ ಮಾಂಸದ ತುಂಡು, ಹಲ್ಲಿನ ಗುರುತು ಹಾಗೇ ಇತ್ತು. ಅವಳು ಅದನ್ನು ಹಿಡಿದು ನಿಂತಳು. ಒಂದು ಬಾಯಿ ಇದನ್ನು ಕಚ್ಚಿ, ಬೇಡವೆಂದು ಎಸೆದಿತ್ತು. ಅದೇ ಬಾಯಿ ಬಸ್ಸಿನಲ್ಲಿ ಕೂತು "ಥೂ" ಎಂದಿತ್ತು.

ಅಭ್ಯಾಸವಾಗಿ ಎಷ್ಟೋ ಕಾಲವಾಗಿತ್ತು, ಆದರೂ ಅವಳು ವಾಂತಿ ಮಾಡಿದಳು. ಅವಳಿಗೆ ಅಸಹ್ಯವಾಯಿತು. ತಿಂದು ಎಸೆಯುವ ಬಾಯಿಗಳ ಮೇಲೆ, ಮುಚ್ಚಿಕೊಳ್ಳುವ ಮೂಗುಗಳ ಮೇಲೆ, ಪೆನ್ನಿನ ತುದಿಯಲ್ಲಿ ತಳ್ಳಿದ ಸೋಪಿನ ಮೇಲೆ, ಬೀರುವಿನಲ್ಲಿ ಮಲಗಿದ ಗವಸುಗಳ ಮೇಲೆ. ಎಲ್ಲಕ್ಕಿಂತ, ಅವರ ಮೂಗಿಗೆ ಸೇರಲೆಂದು ಚರ್ಮ ಹರಿಯುವವರೆಗೆ ತಿಕ್ಕಿಕೊಂಡ ತನ್ನ ಕೈಗಳ ಮೇಲೆ. ಅವಳು ಹಗ್ಗ ಜಗ್ಗಿದಳು.

ಮೇಲೆ ಬಂದಾಗ ಕಣ್ಣು ಮತ್ತು ಹಲ್ಲು ಬಿಟ್ಟರೆ ಮೈಯೆಲ್ಲ ಕಪ್ಪು.

"ನೀರು ಕಾದಿದೆ, ಹೋಗಿ ಮೈ ತೊಳ್ಕೋ. ಅವ್ರು ಬರೋ ಹೊತ್ತಾಯ್ತು," ಎಂದಳು ಬಕೆಟ್ ಅಕ್ಕ.

"ಇವತ್ತು ಮೀಯಲ್ಲ ಅಕ್ಕಾ."

"ಏನಂದೆ?"

"ಮೀಯಲ್ಲ. ಅತ್ತೇನ ಎತ್ತೋಕೆ ಒಂದು ಕೈ ಕೊಡು."

ಬಕೆಟ್ ಅಕ್ಕ ಅವಳ ಮುಖವನ್ನೇ ಒಂದು ಗಳಿಗೆ ನೋಡಿದಳು. ತಾನು ತೊಟ್ಟಿದ್ದ ಹೊಸ ಬಟ್ಟೆಯನ್ನೂ ನೋಡಿಕೊಂಡಳು. ಹಗ್ಗ ಕೆಳಗೆ ಹಾಕಿ ಬಂದಳು. ಇಬ್ಬರೂ ಕೈಗೆ ಕೈ ಹೆಣೆದು ಕುರ್ಚಿ ಮಾಡಿ ಮುದುಕಿಯನ್ನು ಕೂರಿಸಿಕೊಂಡರು.

ಅಂಗಳದಲ್ಲಿ ಹೊಸ ಬಸ್ಸು ಬಲೂನು ಕಟ್ಟಿಕೊಂಡು ಮಿನುಗುತ್ತಿತ್ತು. ಕಂಪನಿಯ ಯಜಮಾನರು, ಅತಿಥಿ, ಮೇನೇಜರು, ಕ್ಯಾಮೆರಾದವರು ಆಚೆ ಚಪ್ಪರದಡಿ ಭಾಷಣದಲ್ಲಿದ್ದರು. "ಈ ಎಣ್ಣೆ ಎಷ್ಟು ಶುದ್ಧ ಎಂದರೆ," ಎನ್ನುತ್ತಿದ್ದರು ಯಜಮಾನರು. ಬಸ್ಸಿನ ಬಾಗಿಲಿಗೆ ಅಡ್ಡವಾಗಿ ರೇಷ್ಮೆ ರಿಬ್ಬನ್ನು. ಜಿಡ್ಡಿ ನಿಲ್ಲಲಿಲ್ಲ. ರಿಬ್ಬನ್ನು ಅವಳ ಎದೆಗೆ ಅಂಟಿಕೊಂಡೇ ಕಿತ್ತು ಬಂತು. ಅತ್ತೆಯನ್ನು ಮೊದಲ ಸೀಟಿನಲ್ಲಿ, ಅತಿಥಿಗೆಂದು ಬಿಳಿ ಬಟ್ಟೆ ಹೊದಿಸಿದ್ದ ಸೀಟಿನಲ್ಲಿ ಕೂರಿಸಿದಳು. ಪಕ್ಕದಲ್ಲಿ ತಾನು ಕೂತಳು. ಹಿಂದಿನ ಸೀಟಿನಲ್ಲಿ ಬಕೆಟ್ ಅಕ್ಕ.

ಮೊದಲು ಓಡಿ ಬಂದವನು ಕಂಡಕ್ಟರು. ಅಂದು ಅವನಿಗೂ ಬಿಳಿ ಸಮವಸ್ತ್ರ.

"ಅಯ್ಯೋ, ಇಳಿ! ಇಳೀರಿ!"

"ಇಳಿಯಲ್ಲ."

ಮೇನೇಜರು ಬಂದರು. "ತಲೆ ಕೆಟ್ಟಿದೆಯಾ ನಿಂಗೆ? ಏಯ್, ಎಳೆದು ಹಾಕ್ರೋ ಇವಳನ್ನ!"

ಯಾರೂ ಮುಂದೆ ಬರಲಿಲ್ಲ. ಕಂಡಕ್ಟರು ತನ್ನ ಬಿಳಿ ತೋಳನ್ನು ನೋಡಿಕೊಂಡ. ಕಾವಲುಗಾರ ಕೈ ಚಾಚಿ, ಬೆರಳ ತುದಿ ಅವಳ ಭುಜಕ್ಕೆ ತಾಗಿದ್ದೇ ಹಿಂದಕ್ಕೆಳೆದು ಪ್ಯಾಂಟಿಗೆ ಒರೆಸಿಕೊಂಡ. "ನೀವೇ ಎಳೀರಿ ಸಾರ್," ಎಂದಳು ಜಿಡ್ಡಿ. ಮೇನೇಜರು ಒಂದು ಹೆಜ್ಜೆ ಮುಂದಿಟ್ಟರು. ಅವಳು ಎರಡೂ ತೋಳು ಚಾಚಿದಳು. ಮೊಣಕೈಯಿಂದ ಗಸಿ ತೊಟ್ಟಿಕ್ಕುತ್ತಿತ್ತು. ಅವರು ಎರಡು ಹೆಜ್ಜೆ ಹಿಂದೆ ಹೋದರು.

"ಅಸಹ್ಯ ಆಗುತ್ತಾ? ನಂಗೂ ಆಗುತ್ತೆ. ನಿಮ್ಮನ್ನ ನೋಡಿದ್ರೆ ಆಗುತ್ತೆ. ನೀವು ತಿಂದು ಬಿಸಾಡಿದ್ದೇ ಇದು, ನನ್ನ ಮೈಯಲ್ಲಿ ಹುಟ್ಟಿದ್ದಲ್ಲ. ಇದನ್ನ ಸೋಸಿದ್ರೆ ಇದು ಬಸ್ಸು ಹತ್ತುತ್ತೆ. ಸೋಸಿದೋಳು ಹತ್ತಂಗಿಲ್ವಾ?"

ಅಷ್ಟರಲ್ಲಿ ಯಜಮಾನರು ಬಾಗಿಲಿಗೆ ಬಂದಿದ್ದರು. ದನಿ ತಗ್ಗಿಸಿ, ಹಲ್ಲು ಕಚ್ಚಿ, "ಕಾರಲ್ಲಿ ಕಳಿಸ್ತೀನಿ ತಾಯಿ, ಹಿಂದಿನ ಗೇಟಿಂದ. ಪ್ಲಾಸ್ಟಿಕ್ ಹಾಸಿ ಕೊಡ್ತಾರೆ," ಎಂದರು.

"ಪ್ಲಾಸ್ಟಿಕ್ ಹಾಸೋ ಕಾರು ಬೇಡ. ನಂಗೆ ಪಾಸಿರೋದು ಇದಕ್ಕೆ."

ಹಿಂದಿನಿಂದ ಅತಿಥಿಯೂ ಬಂದರು. ಅವರ ಹಿಂದೆ ಕ್ಯಾಮೆರಾ. "ಯಾರಿವರು?" ಎಂದರು ಅತಿಥಿ.

ಯಜಮಾನರ ಮುಖ ಎಷ್ಟು ಬೇಗ ಬದಲಾಯಿತೆಂದರೆ, ಮುದುಕಿ ನೋವು ಮರೆತು ಬಾಯಿ ಬಿಟ್ಟು ನೋಡಿದಳು. "ನಮ್ಮ ಕೆಲಸಗಾರರು ಸಾರ್! ಮೊದಲ ಪ್ರಯಾಣ ಇವರದೇ ಆಗ್ಬೇಕು ಅಂತ ನಾನೇ... ಒಂದು ಸರ್‌ಪ್ರೈಸು! ಬನ್ನಿ, ಜೊತೇಲಿ ಕೂತ್ಕೊಳ್ಳಿ."

ಅತಿಥಿ ನಗುತ್ತಾ ಮೆಟ್ಟಿಲ ಮೇಲೆ ಕಾಲಿಟ್ಟರು. ಉಸಿರೆಳೆದರು. ನಗು ಅಲ್ಲೇ ನಿಂತಿತು. ಕರವಸ್ತ್ರ ಹೊರಬಂತು. "ತುಂಬಾ ಸಂತೋಷ, ತುಂಬಾ ಒಳ್ಳೇ ಕೆಲಸ," ಎಂದು ಬಟ್ಟೆಯೊಳಗಿನಿಂದ ಹೇಳಿ, ಇನ್ನೊಂದು ಕಾರ್ಯಕ್ರಮ ನೆನಪಾಗಿ ಕೆಳಗಿಳಿದರು. ಮೇನೇಜರು ಮುಂದಾಗಿ ಚಪ್ಪಾಳೆ ಹೊಡೆದರು. ಹಗ್ಗದಾಚೆಯ ಹೆಂಗಸರಾರೂ ಹೊಡೆಯಲಿಲ್ಲ. ಕ್ಯಾಮೆರಾದವನು ಜಿಡ್ಡಿಗೆ ಕೈ ಬೀಸಲು ಹೇಳಿದ. ಅವಳು ತೊಡೆಯ ಮೇಲಿದ್ದ ಅತ್ತೆಯ ಕಾಲನ್ನು ಸರಿಪಡಿಸಿಕೊಂಡಳು.

ಕ್ಯಾಮೆರಾ ನೋಡುತ್ತಿರುವಾಗ ಬಸ್ಸು ಹೊರಡದೆ ವಿಧಿಯಿರಲಿಲ್ಲ. ಡ್ರೈವರು ಹತ್ತಿದ, ಗಾಡಿ ಚಾಲೂ ಮಾಡಿದ. ಕಂಡಕ್ಟರು ಬಾಗಿಲ ಕಂಬಿಗೆ ಜೋತುಬಿದ್ದು ಮುಖವನ್ನು ಹೊರಗೆ ಹಾಕಿ ನಿಂತ. ಹೊಗೆ ಚಪ್ಪರದಡಿ ನಿಂತವರನ್ನೆಲ್ಲ ಸುತ್ತಿಕೊಂಡಿತು. ಕರಿದ ತಿಂಡಿಯ ವಾಸನೆ.

ಮುಂದಿನ ಸ್ಟಾಪಿನಲ್ಲಿ ಜನ ನಿಂತಿದ್ದರು. ಅವರಲ್ಲಿ ಆ ಮಗುವಿನ ತಾಯಿಯೂ ಇದ್ದಳು, ಕಂಕುಳಲ್ಲಿ ಮಗು. ಕಂಡಕ್ಟರು ಒಳಗೆ ತಿರುಗಿದ. ಈ ಬಾರಿ ಅವನ ದನಿಯಲ್ಲಿ ಗೋಗರೆತವಿತ್ತು.

"ಅಕ್ಕಾ, ಜನ ಹತ್ತುತ್ತಾರೆ. ದಮ್ಮಯ್ಯ, ಹಿಂದಿನ ಸೀಟಿಗಾದ್ರೂ ಹೋಗಿ. ನನ್ನ ಕೆಲಸ ಹೋಗುತ್ತೆ. ಮೂಗಿರೋ ಜನ ಅಕ್ಕಾ, ಏನು ಮಾಡ್ಲಿ?"

ಜಿಡ್ಡಿ ಅವನ ಕಡೆ ತಿರುಗಲಿಲ್ಲ. ಅತ್ತೆಯ ಕಾಲಿನ ಮೇಲೆ ಕೂತ ನೊಣವನ್ನು ರಟ್ಟಿನಿಂದ ಓಡಿಸಿದಳು.

"ಮೂಗಿದ್ದೋರು ಇಳೀಲಿ," ಎಂದಳು. "ಡ್ರೈವರಣ್ಣಾ, ಆಸ್ಪತ್ರೆಗೆ ಹೊತ್ತಾಯ್ತು."